ಯಾರಿಂದ ಕೇಳಿದ್ದು?

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಒಂದು ಪ್ರವಾಸ ಕಥನ ಬರೆದೇ ತೀರುತ್ತಾರೆ ಎಂಬ ಭಯ ಓದುಗರಿಗೆ ಇದ್ದೇ ಇರುತ್ತದೆ. ಭಯ ಬೇಡ, ನಾನು ಬರೆಯುವುದಿಲ್ಲ. ಬರೆಯೋಣವೆಂದರೂ ನಾನು ನೋಡಿದ್ದೇನು? 2018ರಲ್ಲಿ ಮಗಳ ಬಾಣಂತನಕ್ಕೆಂದು, ಕೂಡಿಟ್ಟಿದ್ದ ಗಳಿಕೆ ರಜೆಯನ್ನೆಲ್ಲ ಹಾಕಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಎಂಬ ಊರಿಗೆ ಹೋದವಳು ನಾನು. ಮೂರು ತಿಂಗಳು ಅಡುಗೆಮನೆ, ಮಗುವಿನ ತೊಟ್ಟಿಲು, ಬಟ್ಟೆ ಒಣಗಿಸುವ ಯಂತ್ರ ಈ ಮೂರರ ನಡುವೆ ಓಡಾಡಿದ್ದೇ ನನ್ನ ಪ್ರವಾಸ. ಮೆಂತ್ಯದ ಹಿಟ್ಟು, ಬಾಣಂತಿ ಲೇಹ್ಯ ತುಂಬಿಕೊಂಡು ಹೋದ ಪೆಟ್ಟಿಗೆಯಲ್ಲಿ ಬರುವಾಗ ಚಾಕಲೇಟು ತುಂಬಿಕೊಂಡು ಬಂದೆ. ಅದರ ಜೊತೆಗೆ, ಸುಂಕದವರ ಕಣ್ಣಿಗೆ ಬೀಳದಂತೆ, ಕಿವಿಯಲ್ಲಿ ಒಂದು ಮಟ್ಟನ್ನೂ ತಂದೆ. ಅದು ನನ್ನನ್ನು ಇಂದಿಗೂ ಸುಮ್ಮನಿರಲು ಬಿಟ್ಟಿಲ್ಲ.

ಮಗಳ ಪಕ್ಕದ ಮನೆಯಲ್ಲಿ ಒಬ್ಬ ವೃದ್ಧೆ ಇದ್ದರು. ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಇಬ್ಬರೂ ಮೇಷ್ಟರ ಜಾತಿಯವರೆಂದು ತಿಳಿದ ಮೇಲೆ ಇಬ್ಬರಿಗೂ ಮಾತಿಗೆ ಭಾಷೆಯ ಅಡ್ಡಿ ಅಷ್ಟಾಗಿ ಕಾಣಲಿಲ್ಲ. ಒಂದು ಸಂಜೆ ಮಗುವನ್ನು ನೋಡಲು ಬಂದಿದ್ದರು. ಅಳಿಯ ಏನೋ ಒಂದು ವಾದ್ಯವೃಂದದ ಸಂಗೀತ ಹಾಕಿದ್ದ. ಕುದುರೆ ನಾಗಾಲೋಟದಲ್ಲಿ ಓಡುವಂಥ ಗತ್ತು. ಅಳುತ್ತಿದ್ದ ಮಗು ಕಣ್ಣರಳಿಸಿ ಸುಮ್ಮನಾಯಿತು. "ಇದು ಆರನ್ ಕಾಪ್ಲಂಡ್ ಅನ್ನೋರದು ಅತ್ತೆ. 'ಹೋ-ಡೌನ್' ಅಂತ. ಇಲ್ಲಿ ಎಲ್ಲರಿಗೂ ಗೊತ್ತು," ಎಂದ ಅಳಿಯ. ಆ ವೃದ್ಧೆ ನಕ್ಕು, ನಿಧಾನವಾಗಿ, ಮಕ್ಕಳನ್ನು ತಿದ್ದುವ ದನಿಯಲ್ಲಿ ಹೇಳಿದರು: ಇದು ಕಾಪ್ಲಂಡರದ್ದಲ್ಲ, ಬಿಲ್ ಸ್ಟೆಪ್‌ನದು. ಇಲ್ಲಿಂದ ಎರಡು ಗಂಟೆಯ ದಾರಿ, ಅವನ ಊರು.

ಮರುದಿನ ತಮ್ಮ ಮನೆಗೆ ಕರೆದು ಹಳೆಯ ಧ್ವನಿಮುದ್ರಣವೊಂದನ್ನು ಕೇಳಿಸಿದರು. ಸುಮಾರು ಎರಡು ನಿಮಿಷದ್ದು. ಮೊದಲು ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು. ಅದರ ಹಿಂದಿನಿಂದ ಒಂದೇ ಒಂದು ಪಿಟೀಲು. ನಿನ್ನೆ ಐವತ್ತು ಅರವತ್ತು ವಾದ್ಯಗಳು ಸೇರಿ ನುಡಿಸಿದ್ದ ಅದೇ ಓಟ, ಅದೇ ತಿರುವು, ಅದೇ ಜಿಗಿತ, ಎಲ್ಲವೂ ಆ ಒಂದು ಕಮಾನಿನಲ್ಲಿ. ನನಗೆ ಸಂಗೀತ ಗೊತ್ತಿಲ್ಲ. ಮಗಳನ್ನು ಪಾಠಕ್ಕೆ ಕರೆದೊಯ್ದು ಮೂಲೆಯಲ್ಲಿ ಕೂತು ಕೇಳಿದಷ್ಟೇ ನನ್ನ ಪಾಂಡಿತ್ಯ. ಆದರೂ ಇದು ಅದರ ನಕಲಲ್ಲ, ಅದೇ ಇದರ ನಕಲು ಎನ್ನುವುದಕ್ಕೆ ಪಾಂಡಿತ್ಯ ಬೇಕಿರಲಿಲ್ಲ.

ಆ ಮಟ್ಟಿನ ಹೆಸರು 'ಬೋನಪಾರ್ಟ್ಸ್ ರಿಟ್ರೀಟ್', ಎಂದರೆ ಬೋನಪಾರ್ಟನ ಹಿಮ್ಮೆಟ್ಟುವಿಕೆ. ಹೆಸರು ಕೇಳಿ ನನಗೆ ನಗು ಬಂತು. ನೆಪೋಲಿಯನ್ 1812ರಲ್ಲಿ ಮಾಸ್ಕೋದಿಂದ ಹಿಮದಲ್ಲಿ ಹಿಂದಿರುಗಿದ್ದನ್ನು ವರ್ಷಾವರ್ಷ ಮಕ್ಕಳಿಗೆ ಉರು ಹೊಡೆಸಿದವಳು ನಾನು. ಅದನ್ನು ಪಿಟೀಲಿನಲ್ಲಿ ನುಡಿಸಬಹುದೆಂದು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ನೆಪೋಲಿಯನ್ನನ ಹೆಸರು ಹೊತ್ತ ಮಟ್ಟುಗಳು ಆ ಬೆಟ್ಟಸೀಮೆಯಲ್ಲಿ ಹಲವಾರಿವೆ. ಬ್ರಿಟನ್, ಐರ್ಲೆಂಡುಗಳಿಂದ ವಲಸೆ ಬಂದು ಅಪಲೇಚಿಯನ್ ಬೆಟ್ಟಗಳಲ್ಲಿ ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಅವನ್ನು ನುಡಿಸಿದವರು. ಈ ಮಟ್ಟಿಗೆ ಐರ್ಲೆಂಡಿನ 'ಈಗಲ್ಸ್ ವಿಸಲ್' ಎಂಬ ಹಳೆಯ ನಡಿಗೆಯ ಮಟ್ಟಿನ ನಂಟನ್ನು ಬಲ್ಲವರು ಹೇಳುತ್ತಾರೆ. ಹಳಬರು ಇದನ್ನು ನಿಧಾನವಾಗಿ, ದಣಿದ ಸೈನಿಕರು ಹೆಜ್ಜೆ ಎತ್ತಿ ಇಡುವಂತೆ ನುಡಿಸುತ್ತಿದ್ದರಂತೆ. ಜಾರ್ಜಿಯಾ ರಾಜ್ಯದ ಎ.ಎ. ಗ್ರೇ ಎಂಬಾತ 1924ರಲ್ಲೇ ಇದನ್ನು ಗ್ರಾಮಫೋನು ತಟ್ಟೆಗೆ ನುಡಿಸಿದ್ದ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಈ ಮಟ್ಟಿಗಾಗಿ ಅವರು ಪಿಟೀಲಿನ ತಂತಿಗಳನ್ನೇ ಬೇರೆ ರೀತಿ ಶ್ರುತಿ ಮಾಡಿಕೊಳ್ಳುತ್ತಾರೆ. ದಪ್ಪ ತಂತಿಯನ್ನೂ ಸಣ್ಣ ತಂತಿಯನ್ನೂ ಇಳಿಸಿ, ನಾಲ್ಕರಲ್ಲಿ ಮೂರನ್ನು ಒಂದೇ ಸ್ವರದ ಬೇರೆ ಬೇರೆ ಸ್ಥಾಯಿಗಳಿಗೆ ಸೇರಿಸುತ್ತಾರೆ. ಉಳಿದದ್ದು ಅದರ ಪಂಚಮ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ, ಸ, ಪ, ಸ. ನಮ್ಮ ತಂಬೂರಿಯಲ್ಲೂ ಮೂರು ಷಡ್ಜ, ಒಂದು ಪಂಚಮ ತಾನೆ? ಹೀಗಾಗಿ ಮಟ್ಟು ಎಷ್ಟೇ ಜಿಗಿದಾಡಿದರೂ ಅದರ ಅಡಿಯಲ್ಲಿ ಒಂದು ನಾದ ತಪ್ಪದೆ ಮೊರೆಯುತ್ತಿರುತ್ತದೆ. ಪರದೇಶದ ಆ ಮಟ್ಟು ನನ್ನ ಕಿವಿಗೆ ಪರಕೀಯ ಅನಿಸದಿದ್ದದ್ದು ಇದರಿಂದಲೇ ಇರಬೇಕು.

ಇನ್ನು ಬಿಲ್ ಸ್ಟೆಪ್. ಪೂರ್ತಿ ಹೆಸರು ವಿಲಿಯಂ ಹ್ಯಾಮಿಲ್ಟನ್ ಸ್ಟೆಪ್. ಹುಟ್ಟಿದ್ದು 1875ರಲ್ಲಿ, ಪೂರ್ವ ಕೆಂಟಕಿಯ ಬಡತನದಲ್ಲಿ. 1937ರ ಅಕ್ಟೋಬರಿನಲ್ಲಿ, ಮ್ಯಾಗಾಫಿನ್ ಕೌಂಟಿಯ ಸಾಲಿಯರ್ಸ್‌ವಿಲ್ ಎಂಬ ಪುಟ್ಟ ಊರಿಗೆ ಒಂದು ಕಾರು ಬಂತು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪರವಾಗಿ ಜನಪದ ಸಂಗೀತ ಸಂಗ್ರಹಿಸುತ್ತಿದ್ದ 22 ವರ್ಷದ ಅಲನ್ ಲೊಮ್ಯಾಕ್ಸ್, ಜೊತೆಗೆ ಅವನ ಹೆಂಡತಿ ಎಲಿಜಬೆತ್. ಕಾರಿನಲ್ಲಿ ಧ್ವನಿಮುದ್ರಣದ ಯಂತ್ರ. ಅದರ ಸೂಜಿ ತಿರುಗುವ ತಟ್ಟೆಯ ಮೇಲೆ ಗೀರು ಕೊರೆಯುತ್ತ ಹೋಗುತ್ತದೆ. ತಪ್ಪಾದರೆ ಅಳಿಸಿ ಬರೆಯುವಂತಿಲ್ಲ. 62 ವರ್ಷದ ಸ್ಟೆಪ್ ಪಿಟೀಲು ಎತ್ತಿ ನುಡಿಸಿದ. ಹಳಬರ ಆ ದಣಿದ ನಡಿಗೆಯನ್ನು ಅವನು ಕುಣಿತವಾಗಿ ಮಾಡಿಬಿಟ್ಟಿದ್ದ. ಸೋತು ಹಿಂದಿರುಗುತ್ತಿದ್ದ ಸೈನ್ಯ ಅವನ ಕೈಯಲ್ಲಿ ಜಾತ್ರೆಗೆ ಹೊರಟ ಹುಡುಗರ ಗುಂಪಾಗಿತ್ತು.

ಆಮೇಲೆ ಅದು ಇನ್ನೊಬ್ಬ ಹೆಣ್ಣುಮಗಳ ಕೈಗೆ ಬಂತು. ರೂತ್ ಕ್ರಾಫರ್ಡ್ ಸೀಗರ್ ಎಂದು. ಸಾಮಾನ್ಯಳಲ್ಲ, ಸಂಗೀತ ರಚನೆಗಾಗಿ ಗುಗ್ಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಮಹಿಳೆ, 1930ರಲ್ಲಿ. ಲೊಮ್ಯಾಕ್ಸ್ ಮತ್ತು ಅವನ ತಂದೆ ಸೇರಿ ತಂದ 'ಅವರ್ ಸಿಂಗಿಂಗ್ ಕಂಟ್ರಿ' ಎಂಬ ಪುಸ್ತಕಕ್ಕಾಗಿ ಆ ತಟ್ಟೆಗಳನ್ನು ಕೇಳಿ ಕೇಳಿ ಸ್ವರಲಿಪಿಗೆ ಇಳಿಸುವ ಕೆಲಸ ಈಕೆಯದು. ಮನೆ ತುಂಬ ಮಕ್ಕಳು, ಸಂಸಾರ; ನಡುವೆ ಒಂದೊಂದು ಹಾಡನ್ನು ಹತ್ತಾರು ಸಲ ಕೇಳುತ್ತಿದ್ದರಂತೆ. ಹಾಡುವವನು ಎಲ್ಲಿ ತಡೆದ, ಎಲ್ಲಿ ಅರ್ಧ ಮಾತ್ರೆ ಹೆಚ್ಚು ಎಳೆದ, ಎಲ್ಲಿ ಲೆಕ್ಕ ತಪ್ಪಿದಂತೆ ಕಂಡಿತು, ಎಲ್ಲವನ್ನೂ ಇದ್ದಂತೆ ಬರೆದರು. ತಿದ್ದಲಿಲ್ಲ. ಅದು ತಪ್ಪಲ್ಲ, ಅದೇ ಅವನ ರೀತಿ ಎಂಬ ನಂಬಿಕೆ ಆಕೆಯದು. 1941ರಲ್ಲಿ ಪುಸ್ತಕ ಬಂತು. ಅದರಲ್ಲಿ ಈ ಮಟ್ಟೂ ಇತ್ತು. ನುಡಿಸಿದವನ ಹೆಸರು, ಊರೂ ಇತ್ತು. ಆದರೆ ಹೆಸರು ಡಬ್ಲ್ಯು.ಎಚ್. ಎನ್ನುವ ಬದಲು ಡಬ್ಲ್ಯು.ಎಂ. ಸ್ಟೆಪ್ ಎಂದಾಗಿತ್ತು. ಒಂದಕ್ಷರದ ತಪ್ಪು, ಹಾಜರಿ ಕೂಗುವಾಗ ನಾವೂ ಮಾಡುತ್ತೇವೆ.

ಮರುವರ್ಷ ಆರನ್ ಕಾಪ್ಲಂಡ್ ಎಂಬ ನ್ಯೂಯಾರ್ಕಿನ ಸಂಗೀತಗಾರ 'ರೋಡಿಯೋ' ಎಂಬ ನೃತ್ಯರೂಪಕಕ್ಕೆ ಸಂಗೀತ ಮಾಡುತ್ತಿದ್ದರು. ಕೊನೆಯ ಕುಣಿತಕ್ಕೆ ಈ ಪುಸ್ತಕದ ಮಟ್ಟನ್ನು ಸ್ವರಕ್ಕೆ ಸ್ವರ ಎನ್ನುವಂತೆ ಎತ್ತಿಕೊಂಡು ವಾದ್ಯವೃಂದಕ್ಕೆ ಹಂಚಿದರು. 1942ರ ಅಕ್ಟೋಬರ್ 16ರಂದು ಮೆಟ್ರೊಪಾಲಿಟನ್ ಆಪೆರಾ ಹೌಸಿನಲ್ಲಿ ಪ್ರದರ್ಶನ. ನೃತ್ಯ ಸಂಯೋಜಿಸಿ ತಾನೇ ಮುಖ್ಯ ಪಾತ್ರದಲ್ಲಿ ಕುಣಿದ ಆಗ್ನಿಸ್ ಡಿ ಮಿಲ್ ಮತ್ತು ಸಂಗಡಿಗರನ್ನು ಜನ ಚಪ್ಪಾಳೆ ತಟ್ಟಿ 22 ಸಲ ರಂಗಕ್ಕೆ ಮರಳಿ ಕರೆದರಂತೆ. ಅಂದಿನಿಂದ ಆ ಮಟ್ಟು ಅಮೆರಿಕದ ಗುರುತೇ ಆಗಿಹೋಯಿತು. 1972ರಲ್ಲಿ ಇಂಗ್ಲೆಂಡಿನ ರಾಕ್ ತಂಡವೊಂದು ಅದನ್ನು ವಿದ್ಯುತ್ ವಾದ್ಯಗಳಲ್ಲಿ ನುಡಿಸಿತು. 1992ರಿಂದ ಅಲ್ಲಿನ ಗೋಮಾಂಸದ ಟೀವಿ ಜಾಹೀರಾತಿಗೂ ಅದೇ ಹಿನ್ನೆಲೆ ಸಂಗೀತ. (ಇದನ್ನು ಕೇಳಿದ ಮೇಲೂ ನನಗೆ ಆ ಮಟ್ಟು ರುಚಿಸಿತೆಂದರೆ, ಅದರ ಶಕ್ತಿ ಎಷ್ಟಿರಬೇಕು!) ಈ ನಡುವೆ 1950ರಲ್ಲಿ ಪೀ ವೀ ಕಿಂಗ್ ಎಂಬಾತ ಹಳೆಯ ಮಟ್ಟಿಗೆ ಮಾತು ಹೊಂದಿಸಿ ತನ್ನ ಹೆಸರಿನಲ್ಲಿ ಪ್ರಕಟಿಸಿದ; ಕೇ ಸ್ಟಾರ್ ಎಂಬ ಗಾಯಕಿ ಹಾಡಿ ಅದು ಮನೆಮಾತಾಯಿತು.

ಬಿಲ್ ಸ್ಟೆಪ್ 1957ರವರೆಗೂ ಬದುಕಿದ್ದ. ತಾನು ಆ ದಿನ ಸಾಲಿಯರ್ಸ್‌ವಿಲ್ಲಿನಲ್ಲಿ ನುಡಿಸಿದ ಎರಡು ನಿಮಿಷ ದೇಶವನ್ನೆಲ್ಲ ಸುತ್ತುತ್ತಿದ್ದ ಹದಿನೈದು ವರ್ಷ ಅವನು ಇದೇ ಭೂಮಿಯ ಮೇಲೆ ಇದ್ದ. ಕಚೇರಿಗಳ ಕಾರ್ಯಕ್ರಮ ಪತ್ರಿಕೆಗಳಲ್ಲಿ ಕಾಪ್ಲಂಡರ ಹೆಸರಿರುತ್ತಿತ್ತು. ಹೆಚ್ಚೆಂದರೆ "ಹಳೆಯ ಸಾಂಪ್ರದಾಯಿಕ ಮಟ್ಟನ್ನು ಆಧರಿಸಿದ್ದು" ಎಂಬ ಮಾತು. ಸ್ಟೀಫನ್ ವೇಡ್ ಎಂಬ ಸಂಗೀತಗಾರ ಸ್ಟೆಪ್‌ನ ಊರಿಗೆ ಹೋಗಿ, ಮನೆಯವರನ್ನು ಹುಡುಕಿ, ಅವನ ಬಾಳಿನ ಕಥೆಯನ್ನು ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದದ್ದು 2012ರಲ್ಲಿ.

ಇಷ್ಟನ್ನೂ ಊಟದ ಹೊತ್ತಿನಲ್ಲಿ ನಾನು ಅಳಿಯನಿಗೆ ಹೇಳಿದೆ. ಅವನು ಒಳ್ಳೆಯ ಹುಡುಗ; ಆದರೆ ಎಲ್ಲವನ್ನೂ ಲೆಕ್ಕಕ್ಕೆ ಇಳಿಸುವವನು. "ಅತ್ತೆ, ಕಾನೂನಿನ ಪ್ರಕಾರ ಹಳೇ ಮಟ್ಟು ಯಾರ ಸ್ವತ್ತೂ ಅಲ್ಲ. ಯಾರದ್ದೂ ಅಲ್ಲದ ಮೇಲೆ ಕದ್ದ ಪ್ರಶ್ನೆ ಎಲ್ಲಿ ಬರುತ್ತೆ? ಆ ಸ್ಟೆಪ್ ಏನು ತಾನೇ ಕಟ್ಟಿದ್ದನಾ? ಅವನೂ ಯಾರದ್ದೋ ಕೇಳಿ ಕಲಿತಿದ್ದು ತಾನೆ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸ್ಟೆಪ್‌ನಿಗೆ ಅದು ಸ್ವಯಾರ್ಜಿತ ಆಸ್ತಿಯಲ್ಲ. ಅವನೂ ಯಾವುದೋ ಜಗಲಿಯಲ್ಲಿ ಯಾವನೋ ಮುದುಕ ನುಡಿಸಿದ್ದನ್ನು ಕೇಳಿ ಬೆರಳಿಗೆ ಏರಿಸಿಕೊಂಡವನೇ. ಆ ಮುದುಕನೂ ಹಾಗೆಯೇ. ಹಿಡಿದು ಹೋದರೆ ಐರ್ಲೆಂಡಿನ ಯಾವುದೋ ಗುಡ್ಡಕ್ಕೆ ಹೋಗಿ ನಿಲ್ಲುತ್ತೇವೆ, ಅಲ್ಲಿಯೂ ಮೊದಲು ಸಿಕ್ಕುವುದಿಲ್ಲ. ಎಲ್ಲರೂ "ಇದು ನನ್ನದು, ಮುಟ್ಟಬೇಡಿ" ಎಂದಿದ್ದರೆ ಆ ಮಟ್ಟು ಸಮುದ್ರವನ್ನೇ ದಾಟುತ್ತಿರಲಿಲ್ಲ.

ನಮ್ಮಲ್ಲಿಯೂ ಇದು ನಡೆದದ್ದೇ. ನೆಪೋಲಿಯನ್ ಕಾಲದಲ್ಲೇ ಮದರಾಸಿನಲ್ಲಿ ಬಾಲುಸ್ವಾಮಿ ದೀಕ್ಷಿತರು ಬಿಳಿಯರಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನಲವತ್ತರಷ್ಟು ನೋಟ್ಟುಸ್ವರ ಸಾಹಿತ್ಯ ರಚಿಸಿದರು. ಆ ದೊರೆಗಳ 'ಗಾಡ್ ಸೇವ್ ದ ಕಿಂಗ್' ಮಟ್ಟಿನಲ್ಲಿ ನಮ್ಮ ಮಕ್ಕಳು ದೇವಿಯನ್ನು ಸ್ತುತಿಸುತ್ತಾರೆ. ನನ್ನ ಮಗಳೂ ಪಾಠದಲ್ಲಿ 'ಶ್ಯಾಮಳೇ ಮೀನಾಕ್ಷಿ' ಕಲಿತಾಗ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಅದು ನಕ್ಷತ್ರ ಮಿನುಗುವ ಇಂಗ್ಲಿಷ್ ಶಿಶುಗೀತೆಯ ಮಟ್ಟೆಂದು ಅವಳೇ ನನಗೆ ಹೇಳಬೇಕಾಯಿತು. ವಲಸಿಗರೊಡನೆ ಕೆಂಟಕಿಯ ಬೆಟ್ಟ ಹತ್ತಿದ ಮಟ್ಟುಗಳ ದಾಯಾದಿಗಳೇ ಸೈನಿಕರೊಡನೆ ಮದರಾಸಿನ ಕೋಟೆಯಲ್ಲಿ ಇಳಿದವು. ದೀಕ್ಷಿತರು ಕದ್ದರೆ? ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಹಾಗಿದ್ದರೆ ಕಾಪ್ಲಂಡರನ್ನು ಮಾತ್ರ ಕಟಕಟೆಗೆ ಏಕೆ ನಿಲ್ಲಿಸಬೇಕು? ಅವರೇನೂ ತಾನೇ ಹುಟ್ಟಿಸಿದೆನೆಂದು ಹೇಳಿಕೊಂಡವರಲ್ಲ.

ಅಂದು ರಾತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ ನನಗೆ ನಿದ್ದೆ ಬರಲಿಲ್ಲ. ಕಾಪ್ಲಂಡರಿಗಾಗಿ ಅಲ್ಲ, ಸ್ಟೆಪ್‌ಗಾಗಿಯೂ ಅಲ್ಲ. ನನ್ನದೇ ಒಂದು ಹಳೆಯ ಬಾಕಿ ನೆನಪಾಗಿ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳ ಮಾತು. ಅರಸೀಕೆರೆ ಕಡೆಯ ಒಂದು ಹಳ್ಳಿಯ ಶಾಲೆ. ಅಲ್ಲಿ ಗಂಟೆ ಹೊಡೆಯುವ, ಕಸ ಗುಡಿಸುವ, ನಮಗೆ ನೀರು ತಂದಿಡುವ ಒಬ್ಬ ಹೆಂಗಸಿದ್ದರು. ಎಲ್ಲರಿಗೂ ಆಕೆ 'ಆಯಮ್ಮ'. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತು ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದರು. ಅದರಲ್ಲಿ ರಾಗಿ ಬೀಸುವ ಪದವೊಂದು ನನಗೆ ಬಹಳ ಹಿಡಿಸಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರಿಂದ ಅದಕ್ಕೆ ಕುಣಿತ ಮಾಡಿಸೋಣವೆಂದು ನಾಲ್ಕಾರು ದಿನ ಅವರನ್ನು ಕೂರಿಸಿಕೊಂಡು ಹಾಡಿಸಿ ಬರೆದುಕೊಂಡೆ. ಹಾಡುವಾಗ ಅವರು ಒಂದು ಕಡೆ ದನಿಯನ್ನು ಹಾಗೇ ಗಾಳಿಯಲ್ಲಿ ತೂಗಿಬಿಟ್ಟು, ಒಂದು ಕ್ಷಣ ನಿಲ್ಲಿಸಿ, ಮತ್ತೆ ಎತ್ತಿಕೊಳ್ಳುತ್ತಿದ್ದರು. ಪ್ರತಿ ಸಲವೂ ಅಲ್ಲಿಯೇ. "ಇಲ್ಲಿ ಯಾಕೆ ನಿಲ್ಲಿಸ್ತೀರಿ ಆಯಮ್ಮ, ತಾಳ ತಪ್ಪುತ್ತೆ," ಎಂದೆ. "ಕಲ್ಲಿನ್ ಬಾಯ್ಗೆ ರಾಗಿ ಹಾಕ್ಬೇಡ್ವಾ ಮೇಡಮ್ಮೋರೆ?" ಎಂದರು. ಒಂದು ಕೈ ಗೂಟ ಹಿಡಿದು ತಿರುಗಿಸುತ್ತಿರುವಾಗ ಇನ್ನೊಂದು ಕೈ ಹಿಡಿ ರಾಗಿ ಹಾಕುವ ಹೊತ್ತು ಅದು. ಅಷ್ಟು ಹೊತ್ತು ಹಾಡು ಕಾಯುತ್ತದೆ. "ನಮ್ಮಕ್ಕ ಹಿಂಗೇ ನಿಲ್ಸೋಳು. ಅವ್ಳೇ ನಂಗೆ ಕಲ್ಸಿದ್ದು," ಎಂದೂ ಹೇಳಿದರು. ಅಕ್ಕ ತೀರಿಹೋಗಿದ್ದರು. ಅಕ್ಕನ ಹೆಸರನ್ನೂ ಹೇಳಿದರು; ನಾನು ಹೂಂಗುಟ್ಟಿದೆ.

ಆಮೇಲೆ ನಾನೇನು ಮಾಡಿದೆ? ಆ ನಿಲುಗಡೆಯನ್ನು ತೆಗೆದುಹಾಕಿದೆ. ಹುಡುಗಿಯರ ಹೆಜ್ಜೆ ತಪ್ಪುತ್ತಿತ್ತು. ಹಾಡು ನೇರವಾಯಿತು, ನಯವಾಯಿತು. ಶಾಲೆಯಲ್ಲಿ ಜನ ಮೆಚ್ಚಿದರು. ತಾಲ್ಲೂಕಿನ ಸ್ಪರ್ಧೆಗೆ ಹೋಗಿ ಮೊದಲ ಬಹುಮಾನ ಬಂತು. ನನಗೊಂದು ಶಾಲು, ಒಂದು ಫಲಕ. ಶಾಲೆಯ ಸಂಚಿಕೆಯಲ್ಲಿ ಅಚ್ಚಾಯಿತು: "ಗೀತೆ: ಜಾನಪದ. ಸಂಯೋಜನೆ, ನಿರ್ದೇಶನ:" ಎಂದಿದ್ದು, ಮುಂದೆ ನನ್ನ ಹೆಸರು, ಅದರ ಮುಂದೆ ಬಿ.ಎ., ಬಿ.ಎಡ್. ಆ ಪದವಿಗಳನ್ನು ಬಿಡದೆ ಹಾಕಿಸಿದವಳು ನಾನೇ.

ವಾರ್ಷಿಕೋತ್ಸವದ ದಿನ ಆಯಮ್ಮ ಹಿಂದೆ, ಕುರ್ಚಿ ಜೋಡಿಸಿದ್ದರ ಆಚೆ ನಿಂತು ನೋಡಿದ್ದರು. ಮರುದಿನ ನೀರು ತಂದಿಟ್ಟು ಹೇಳಿದರು: "ಚೆಂದಾಗ್ ಬಂತು ಮೇಡಮ್ಮೋರೆ. ಮಕ್ಳು ಚೆಂದ ಕುಣುದ್ರು." ಹೋಗುವವರು ಬಾಗಿಲಲ್ಲಿ ನಿಂತು, "ನಮ್ಮಕ್ಕನ್ ಹೆಸ್ರು ಒಂದ್ ಮಾತು ಹೇಳ್ಬೋದಿತ್ತು," ಎಂದರು. ಅಷ್ಟೇ. ಕೋಪವಿರಲಿಲ್ಲ. ತನ್ನ ಹೆಸರನ್ನಲ್ಲ, ಅಕ್ಕನ ಹೆಸರನ್ನು ಕೇಳಿದರು. ನಾನು, "ಹೌದಲ್ವಾ, ಮುಂದಿನ ಸಲ ಹೇಳೋಣ ಬಿಡಿ," ಎಂದೆ. ಮುಂದಿನ ವರ್ಷ ನನಗೆ ವರ್ಗವಾಯಿತು.

ಅಂದು ಲೆಕ್ಸಿಂಗ್ಟನ್ನಿನಲ್ಲಿ, ನಡುರಾತ್ರಿಯಲ್ಲಿ, ಆ ಅಕ್ಕನ ಹೆಸರನ್ನು ನೆನಪಿಸಿಕೊಳ್ಳಲು ಎಷ್ಟು ತಿಣುಕಿದರೂ ಬರಲಿಲ್ಲ. ಹೋಗಲಿ, ಆಯಮ್ಮನ ಹೆಸರು? ಅದೂ ಗೊತ್ತಿರಲಿಲ್ಲ. ಮೂರು ವರ್ಷ ಅವರ ಕೈಯಿಂದ ನೀರು ಕುಡಿದವಳು ನಾನು.

ಅಳಿಯನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗ. ಕದ್ದದ್ದೋ ಅಲ್ಲವೋ ಎಂಬ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು. ಸ್ವತ್ತಾದರೆ ಕದಿಯಬಹುದು, ಬೆಲೆ ಕಟ್ಟಬಹುದು, ತೀರಿಸಿ ಕೈ ತೊಳೆದುಕೊಳ್ಳಬಹುದು. ಇದು ಸ್ವತ್ತಲ್ಲ, ಋಣ. ನಮ್ಮ ಹಿರಿಯರು ದೇವಋಣ, ಪಿತೃಋಣಗಳ ಜೊತೆಗೆ ಋಷಿಋಣ ಎಂದೊಂದನ್ನು ಹೇಳಿದ್ದಾರೆ. ಕಲಿಸಿದವರ ಋಣ. ಅದನ್ನು ಕಲಿಸಿದವರಿಗೇ ತೀರಿಸಲಾಗದು. ಕಲಿತದ್ದನ್ನು ಮುಂದಿನವರಿಗೆ ಕೊಟ್ಟೇ ತೀರಿಸಬೇಕು. ಈ ಲೆಕ್ಕದಲ್ಲಿ ಕಾಪ್ಲಂಡರು ಅರ್ಧ ಋಣ ತೀರಿಸಿದರು. ಮಟ್ಟನ್ನು ಮುಂದಕ್ಕೆ ಕೊಟ್ಟರು. ಅದು ಸಣ್ಣ ಮಾತಲ್ಲ. ಅವರಿಲ್ಲದಿದ್ದರೆ ಸ್ಟೆಪ್‌ನ ಆ ಎರಡು ನಿಮಿಷ ಗ್ರಂಥಾಲಯದ ಕಪಾಟಿನಲ್ಲೇ ಮಲಗಿರುತ್ತಿತ್ತೋ ಏನೋ. ನನ್ನ ಮೊಮ್ಮಗುವಂತೂ ಅಂದು ಅಳು ನಿಲ್ಲಿಸುತ್ತಿರಲಿಲ್ಲ. ಉಳಿದ ಅರ್ಧ ಎಂದರೆ ಹೆಸರು. ಅದಕ್ಕೆ ಖರ್ಚಿಲ್ಲ, ಕಾನೂನಿನ ಒತ್ತಾಯವಿಲ್ಲ. ಖರ್ಚಿಲ್ಲದ್ದನ್ನೇ ಮನುಷ್ಯ ಮೊದಲು ಉಳಿಸಿಕೊಳ್ಳುವುದು.

ಹಾಗೆಂದು ಮೊದಲನೆಯವನ ಹೆಸರನ್ನೇ ಹುಡುಕುತ್ತ ಕೂರಬೇಕಿಲ್ಲ. ಮೊದಲು ಎಂಬುದು ಸಿಕ್ಕುವುದಿಲ್ಲ. ಆದರೆ ನನಗೆ ಕೊಟ್ಟವರು ಯಾರೆಂಬುದು ನನಗೆ ಗೊತ್ತಿರುತ್ತದೆ. ಅಷ್ಟು ಹೇಳಿದರೆ ಸಾಕು. ಆಯಮ್ಮ ಅದನ್ನೇ ಮಾಡಿದ್ದರು. ಅಕ್ಷರ ಬಾರದ ಆಕೆ ಹಾಡಿನೊಂದಿಗೇ "ನಮ್ಮಕ್ಕ ಕಲಿಸಿದ್ದು" ಎಂದು ದಾಖಲೆಯನ್ನೂ ಕೊಟ್ಟಿದ್ದರು. ಅಕ್ಷರ ಬಲ್ಲ ನಾನು ಅದನ್ನು ಒರೆಸಿಹಾಕಿದೆ. ಒಬ್ಬೊಬ್ಬರೂ ತಮಗೆ ಕೊಟ್ಟವರ ಹೆಸರನ್ನು ಹೇಳಿದರೆ ಸರಪಳಿ ತಾನಾಗಿ ಉಳಿಯುತ್ತದೆ. ನಡುವೆ ಒಬ್ಬರು ಬಾಯಿ ಮುಚ್ಚಿದರೆ ಹಿಂದಿನವರೆಲ್ಲ ಒಟ್ಟಿಗೆ ಮರೆಯಾಗುತ್ತಾರೆ. ಆಮೇಲೆ ಅವರಿಗೆಲ್ಲ ಸೇರಿ ನಾವು ಇಡುವ ಹೆಸರು 'ಸಂಪ್ರದಾಯ', 'ಜಾನಪದ'. ಕೇಳಲು ಎಷ್ಟು ಗೌರವದ ಮಾತುಗಳು! ಎಷ್ಟೋ ಸಲ ಅವುಗಳ ಅರ್ಥ, "ನಾವು ವಿಚಾರಿಸಲಿಲ್ಲ" ಎಂದಷ್ಟೇ.

ತಿದ್ದಿದ್ದು ತಪ್ಪೇ ಎಂದು ನೀವು ಕೇಳಬಹುದು. ಸ್ಟೆಪ್ ಕೂಡ ದಣಿದ ನಡಿಗೆಯನ್ನು ಕುಣಿತ ಮಾಡಲಿಲ್ಲವೆ? ಮಾಡಿದ. ಅವನು ಬೆರಳಿಗೆ ಏರಿಸಿಕೊಂಡು, ವರ್ಷಗಟ್ಟಲೆ ನುಡಿಸಿ ತನ್ನದಾಗಿಸಿಕೊಂಡು ಬದಲಿಸಿದ. ನಾನು ವಾರ್ಷಿಕೋತ್ಸವಕ್ಕೆ ಹೊತ್ತಾಯಿತೆಂದು ಬದಲಿಸಿದೆ. ರೂತ್ ಸೀಗರ್ ಎಂಬ ಆ ತಾಯಿ ಯಾರದ್ದೋ ಅರ್ಧ ಮಾತ್ರೆಯ ತಡವರಿಕೆಯನ್ನೂ ಬಿಡದೆ ಕಾಪಾಡಿದ್ದನ್ನು ನೆನೆದಾಗಲೆಲ್ಲ, ನಾನು ಕತ್ತರಿಸಿದ ಆ ಒಂದು ಹಿಡಿ ರಾಗಿಯ ಹೊತ್ತು ನೆನಪಾಗುತ್ತದೆ. ಬೀಸುವ ಕಲ್ಲುಗಳೇ ಇಲ್ಲದ ಈ ಕಾಲದಲ್ಲಿ, ಆ ಹಾಡು ಕಲ್ಲಿನ ಮುಂದೆ ಹುಟ್ಟಿತು ಎನ್ನುವುದಕ್ಕೆ ಸಾಕ್ಷಿಯಾಗಿ ಉಳಿದದ್ದು ಅದೊಂದೇ ಆಗಿತ್ತು.

ಊರಿಗೆ ಬಂದ ಮೇಲೆ, ಜೆಟ್ ಪ್ರಯಾಣದ ಆಯಾಸ ಕಳೆದ ಕೂಡಲೇ, ಆ ಹಳೆಯ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಕಾಫಿ ತರಿಸಿಕೊಟ್ಟು, ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಸಿ ನೋಡಿದರು. ನನ್ನ ಹೆಸರಿತ್ತು, ಸಹಿ ಇತ್ತು, ತಡವಾಗಿ ಬಂದ ದಿನಗಳ ಕೆಂಪು ಗುರುತೂ ಇತ್ತು. ಆಯಮ್ಮನ ಹೆಸರಿರಲಿಲ್ಲ. ದಿನಗೂಲಿಯವರ ಹೆಸರು ಅದರಲ್ಲಿ ಇರುತ್ತಿರಲಿಲ್ಲವಂತೆ. ಖರ್ಚಿನ ಪುಸ್ತಕ ಸಿಕ್ಕಿತು. ಅವರ ಸಂಬಳ ಸೀಮೆಸುಣ್ಣ, ಪೊರಕೆ, ಫಿನಾಯಿಲ್‌ಗಳ ಜೊತೆಗೆ ಒಂದೇ ಬಾಬಿನಲ್ಲಿ ಹೋಗಿತ್ತು: 'ಸಾದಿಲ್ವಾರು'. ನಾವು ಹಾಡಿಗೆ 'ಜಾನಪದ' ಎಂದು ಬರೆದಂತೆ ಗುಮಾಸ್ತರು ಆಕೆಗೆ 'ಸಾದಿಲ್ವಾರು' ಎಂದು ಬರೆದಿದ್ದರು. ಊರಲ್ಲಿ ವಿಚಾರಿಸಿದೆ. ಮಗನ ಜೊತೆ ಎಲ್ಲಿಗೋ ಹೋದರೆಂದು ಕೆಲವರು, ತೀರಿಹೋದರೆಂದು ಕೆಲವರು. ಹೆಸರು? "ಆಯಮ್ಮ ಅಂತಿದ್ವಿ ಕಣ್ರೀ," ಎಂದರು ನನ್ನ ಹಳೆಯ ವಿದ್ಯಾರ್ಥಿಗಳು. ಅವರಿಗೆ ಅದನ್ನು ಕಲಿಸಿದವಳೂ ನಾನೇ ಅಲ್ಲವೆ?

ಆ ಬಾಕಿ ಇನ್ನು ತೀರುವಂಥದ್ದಲ್ಲ. ಬರೆದು ಒಪ್ಪಿಕೊಳ್ಳುವುದಷ್ಟೇ ಉಳಿದದ್ದು.

ಕನ್ನಡ ಪಾಠದ ಕೊನೆಯಲ್ಲಿ "ನಿಮ್ಮ ಊರಿನ ಜನಪದ ಗೀತೆಗಳನ್ನು ಸಂಗ್ರಹಿಸಿ ಬರೆಯಿರಿ" ಎಂಬ ಚಟುವಟಿಕೆ ಇರುತ್ತದೆ. ಈಗ ನಾನು ಮಕ್ಕಳಿಗೆ ಹಾಡಿನ ಕೆಳಗೆ ಇನ್ನೂ ಒಂದು ಸಾಲು ಎಳೆಸಿ, 'ಯಾರಿಂದ ಕೇಳಿದ್ದು' ಎಂದು ಬರೆಸುತ್ತೇನೆ. ಮೊನ್ನೆ ಒಬ್ಬ ಹುಡುಗ ಆ ಸಾಲಿನಲ್ಲಿ 'ಅಜ್ಜಿ' ಎಂದು ಬರೆದು ತಂದ. "ಅಜ್ಜಿಗೆ ಹೆಸರಿಲ್ಲವೇನೋ?" ಎಂದೆ. ಅವನಿಗೆ ಗೊತ್ತಿರಲಿಲ್ಲ, ತಲೆ ಕೆರೆದುಕೊಂಡು ನಿಂತ. ಮನೆಗೆ ಹೋಗಿ ಕೇಳಿಕೊಂಡು ಬಾ ಎಂದು ಕಳಿಸಿದೆ. ಮರುದಿನ ಪುಸ್ತಕ ತೆರೆದು ತೋರಿಸಿದ. ಅಜ್ಜಿಯ ಹೆಸರನ್ನು ದುಂಡಗೆ ಬರೆದು, ಅದರ ಕೆಳಗೆ ನಾನು ಹೇಳದಿದ್ದರೂ ಇನ್ನೊಂದು ಹೆಸರು ಬರೆದಿದ್ದ.

"ಇದು ಯಾರೋ?"

"ಅಜ್ಜಿಗೆ ಹೇಳ್ಕೊಟ್ಟೋರು ಮಿಸ್. ಅವ್ರದ್ದೂ ಬರಿ ಅಂದ್ರು."